ಜಾಲ ಡೈರೆಕ್ಟರಿಯಲ್ಲಿ ತಾನಾಗಿ ಸೃಷ್ಟಿಯಾಗುವ ಗುಂಪುಗಳು ಮತ್ತು ಕಂಟೇನರ್‌ಗಳ ವ್ಯವಸ್ಥೆ: ಕತಗಾಲದ ಉದಾಹರಣೆಯೊಂದಿಗೆ ಒಂದು ವಿವರಣೆ

ಪೀಠಿಕೆ

ಸರ್ಕಾರಿ ಕಚೇರಿಗಳ ಕಡತ, ವಹಿ ಮತ್ತು ದಾಖಲೆಗಳು ಗಣಕಯಂತ್ರಕ್ಕೆ ವರ್ಗಾವಣೆಯಾದಂತೆಲ್ಲ, ಯಾವ ದಾಖಲೆಯನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು ಎಂಬುದನ್ನು ನಿರ್ಧರಿಸುವ ಹೊಣೆಯು ಬೀರುವಿನ ಬೀಗದ ಕೈಯಿಂದ ಜಾಲದ ಡೈರೆಕ್ಟರಿ ಸೇವೆಗೆ ಬಂದಿರುತ್ತದೆ. ಈ ಸೇವೆಯನ್ನು ಸರ್ವರ್‌ನಲ್ಲಿ ಸ್ಥಾಪಿಸಿದ ಕ್ಷಣದಲ್ಲಿಯೇ ಕೆಲವು ಕಂಟೇನರ್‌ಗಳು ಮತ್ತು ಕೆಲವು ಗುಂಪುಗಳು ತಾವಾಗಿಯೇ ಸೃಷ್ಟಿಯಾಗುತ್ತವೆ. ಬಹುತೇಕ ಕಚೇರಿಗಳಲ್ಲಿ ಇವುಗಳನ್ನೇ ಹಾಗೆಯೇ ಬಳಸಿಕೊಂಡು ಹೋಗುವ ರೂಢಿ ಕಂಡುಬರುತ್ತದೆ. ಆರಂಭದಲ್ಲಿ ಇದರಿಂದ ಯಾವ ತೊಂದರೆಯೂ ಗೋಚರಿಸುವುದಿಲ್ಲ. ಸಿಬ್ಬಂದಿಯ ವರ್ಗಾವಣೆ, ನಿವೃತ್ತಿ ಅಥವಾ ಲೆಕ್ಕ ತಪಾಸಣೆಯ ಸಂದರ್ಭದಲ್ಲಿ ಮಾತ್ರ ತೊಡಕು ಬೆಳಕಿಗೆ ಬರುತ್ತದೆ.

ಈ ಗುಂಪುಗಳು ಮತ್ತು ಕಂಟೇನರ್‌ಗಳ ಸ್ವರೂಪ, ಅವುಗಳ ಮಿತಿ ಹಾಗೂ ಅವುಗಳನ್ನು ಕ್ರಮಬದ್ಧವಾಗಿ ಜೋಡಿಸುವ ವಿಧಾನವನ್ನು ಕಚೇರಿ ಮುಖ್ಯಸ್ಥರು, ಆಡಳಿತ ಶಾಖೆಯ ಸಿಬ್ಬಂದಿ ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ವಿವರಣೆಯ ಅನುಕೂಲಕ್ಕಾಗಿ ಉತ್ತರ ಕನ್ನಡ ಜಿಲ್ಲೆ, ಕುಮಟಾ ತಾಲ್ಲೂಕಿನ ಕತಗಾಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದು ಮಾದರಿ ವಿನ್ಯಾಸವೇ ಹೊರತು ಯಾವುದೇ ಇಲಾಖೆಯಲ್ಲಿ ಈಗ ಜಾರಿಯಲ್ಲಿರುವ ವ್ಯವಸ್ಥೆಯ ವರ್ಣನೆಯಲ್ಲ ಎಂಬುದನ್ನು ಗಮನಿಸುವುದು.

ಡೈರೆಕ್ಟರಿ ಸೇವೆ ಎಂದರೇನು?

ಒಂದು ಸಂಸ್ಥೆಯ ಜಾಲದಲ್ಲಿರುವ ಬಳಕೆದಾರರು, ಗಣಕಯಂತ್ರಗಳು, ಮುದ್ರಕಗಳು ಮತ್ತು ಗುಂಪುಗಳ ವಿವರಗಳನ್ನು ಒಂದೇ ಕಡೆ ದಾಖಲಿಸಿ, ಲಾಗಿನ್ ಆಗಲು ಬಂದವರ ಗುರುತನ್ನು ಪರಿಶೀಲಿಸುವ ವ್ಯವಸ್ಥೆಗೆ ಡೈರೆಕ್ಟರಿ ಸೇವೆ ಎಂದು ಹೆಸರು. ಇದನ್ನು ಕಚೇರಿಯ ಸಿಬ್ಬಂದಿ ವಹಿ, ಜಡವಸ್ತು ವಹಿ ಮತ್ತು ಬೀಗದ ಕೈ ವಹಿ ಈ ಮೂರೂ ಸೇರಿದ ಒಂದು ವಹಿ ಎಂದು ತಿಳಿಯಬಹುದು.

ಈ ಸೇವೆಗೆ ಸಂಬಂಧಿಸಿದ ಎಕ್ಸ್.500 ಎಂಬ ಅಂತಾರಾಷ್ಟ್ರೀಯ ಮಾನಕವು 1988ರಲ್ಲಿ ಹೊರಬಂದಿತು. ಅದನ್ನು ಸರಳಗೊಳಿಸಿದ ಎಲ್‌ಡ್ಯಾಪ್ ಎಂಬ ವಿಧಾನವು 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಮೈಕ್ರೋಸಾಫ್ಟ್ ಸಂಸ್ಥೆಯ ಆ್ಯಕ್ಟಿವ್ ಡೈರೆಕ್ಟರಿಯು 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಸರ್ವರ್‌ನೊಂದಿಗೆ ಬಳಕೆಗೆ ಬಂದಿತು. ಇದಕ್ಕೆ ಹೊಂದಿಕೊಳ್ಳುವ ಡೈರೆಕ್ಟರಿಯನ್ನು ಮುಕ್ತ ತಂತ್ರಾಂಶವಾದ ಸಾಂಬಾ 2012ರ ಡಿಸೆಂಬರ್‌ನಲ್ಲಿ ತನ್ನ 4ನೇ ಆವೃತ್ತಿಯಲ್ಲಿ ಒದಗಿಸಿತು. ಈ ಎರಡರಲ್ಲಿಯೂ ತಾನಾಗಿ ಸೃಷ್ಟಿಯಾಗುವ ಕಂಟೇನರ್‌ಗಳು ಮತ್ತು ಗುಂಪುಗಳು ಬಹುಮಟ್ಟಿಗೆ ಒಂದೇ ಬಗೆಯವು. ಆದುದರಿಂದ ಮುಂದಿನ ವಿವರಣೆಯು ಬಹುಮಟ್ಟಿಗೆ ಎರಡಕ್ಕೂ ಅನ್ವಯಿಸುತ್ತದೆ.

ಕಂಟೇನರ್, ಘಟಕ ಮತ್ತು ಗುಂಪು: ಇವುಗಳ ನಡುವಿನ ವ್ಯತ್ಯಾಸ

ಈ ಮೂರು ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದರಿಂದಲೇ ಹೆಚ್ಚಿನ ಗೊಂದಲಗಳು ಉಂಟಾಗುತ್ತವೆ. ಇವುಗಳ ವ್ಯತ್ಯಾಸ ಈ ಕೆಳಕಂಡಂತಿದೆ.

1. ಕಂಟೇನರ್: ಖಾತೆಗಳನ್ನು ಇರಿಸುವ ಸಾಮಾನ್ಯ ಪೆಟ್ಟಿಗೆ. ಇದಕ್ಕೆ ಪ್ರತ್ಯೇಕವಾದ ಗ್ರೂಪ್ ಪಾಲಿಸಿಯನ್ನು, ಅಂದರೆ ಪಾಸ್‌ವರ್ಡ್ ತೆರೆ, ಯು.ಎಸ್.ಬಿ. ನಿರ್ಬಂಧ, ತಂತ್ರಾಂಶ ಸ್ಥಾಪನೆ ಮುಂತಾದ ನಿಯಮಗಳ ಸಂಪುಟವನ್ನು ಜೋಡಿಸಲು ಬರುವುದಿಲ್ಲ. ಇಡೀ ಡೊಮೇನ್‌ಗೆ ವಿಧಿಸಿದ ನಿಯಮಗಳು ಇದರೊಳಗಿನ ಖಾತೆಗಳಿಗೂ ಅನ್ವಯಿಸುತ್ತವೆ.

2. ಆರ್ಗನೈಜೇಷನಲ್ ಯೂನಿಟ್: ಇದನ್ನು ಈ ಲೇಖನದಲ್ಲಿ ಘಟಕ ಎಂದು ಕರೆಯಲಾಗಿದೆ. ಇದು ಆಡಳಿತಗಾರರು ತಾವೇ ರಚಿಸುವ ವಿಭಾಗ. ಇದಕ್ಕೆ ನಿಯಮಗಳನ್ನು ಜೋಡಿಸಬಹುದು, ಒಂದರೊಳಗೆ ಇನ್ನೊಂದನ್ನು ರಚಿಸಬಹುದು ಮತ್ತು ಇದರ ನಿರ್ವಹಣೆಯ ಅಧಿಕಾರವನ್ನು ಕೆಳಹಂತದ ಅಧಿಕಾರಿಗೆ ಪ್ರತ್ಯಾಯೋಜಿಸಬಹುದು.

3. ಗುಂಪು: ಖಾತೆಗಳ ಪಟ್ಟಿ. ಕಡತಕೋಶ, ಮುದ್ರಕ ಅಥವಾ ತಂತ್ರಾಂಶವನ್ನು ಬಳಸುವ ಅನುಮತಿಯನ್ನು ನೀಡುವುದು ಗುಂಪಿಗೆ. ಘಟಕಕ್ಕಾಗಲೀ ಕಂಟೇನರ್‌ಗಾಗಲೀ ಇಂತಹ ಅನುಮತಿಯನ್ನು ನೀಡಲು ಬರುವುದಿಲ್ಲ. ಒಂದು ಖಾತೆಯು ಒಂದೇ ಘಟಕದಲ್ಲಿ ಇರಬಲ್ಲದು, ಆದರೆ ಅನೇಕ ಗುಂಪುಗಳ ಸದಸ್ಯನಾಗಿರಬಲ್ಲದು.

ಒಂದು ಖಾತೆಯನ್ನು ಒಂದು ಘಟಕದಿಂದ ಇನ್ನೊಂದು ಘಟಕಕ್ಕೆ ಸರಿಸಿದ ಮಾತ್ರಕ್ಕೆ ಆ ಖಾತೆಯ ಗುಂಪು ಸದಸ್ಯತ್ವ ಬದಲಾಗುವುದಿಲ್ಲ. ಖಾತೆಯನ್ನು ಹೊಸ ಕಚೇರಿಯ ಘಟಕಕ್ಕೆ ಸರಿಸಿದರೂ ಹಳೆಯ ಕಚೇರಿಯ ಕಡತಗಳನ್ನು ತೆರೆಯುವ ಅಧಿಕಾರವು ಹಾಗೆಯೇ ಉಳಿದಿರುತ್ತದೆ. ಇದನ್ನು ಪ್ರತಿಯೊಬ್ಬ ಕಚೇರಿ ಮುಖ್ಯಸ್ಥರೂ ತಿಳಿದಿರುವುದು ಅವಶ್ಯಕ.

ತಾನಾಗಿ ಸೃಷ್ಟಿಯಾಗುವ ಕಂಟೇನರ್‌ಗಳು

ಡೊಮೇನ್ ಸ್ಥಾಪನೆಯಾದ ಕೂಡಲೇ ನಿರ್ವಹಣಾ ಪರದೆಯಲ್ಲಿ ಕಾಣಿಸುವ ಪ್ರಮುಖ ಕಂಟೇನರ್‌ಗಳು ಹೀಗಿವೆ.

ಬಿಲ್ಟ್‌ಇನ್: ಅಡ್ಮಿನಿಸ್ಟ್ರೇಟರ್ಸ್, ಅಕೌಂಟ್ ಆಪರೇಟರ್ಸ್, ಸರ್ವರ್ ಆಪರೇಟರ್ಸ್, ಬ್ಯಾಕಪ್ ಆಪರೇಟರ್ಸ್, ಪ್ರಿಂಟ್ ಆಪರೇಟರ್ಸ್ ಮೊದಲಾದ ಗುಂಪುಗಳು ಇಲ್ಲಿರುತ್ತವೆ. ಇವುಗಳನ್ನು ಇಲ್ಲಿಂದ ಬೇರೆಡೆಗೆ ಸರಿಸಲು ಬರುವುದಿಲ್ಲ.

ಯೂಸರ್ಸ್: ಸ್ಥಳವನ್ನು ಸೂಚಿಸದೆ ರಚಿಸಿದ ಹೊಸ ಬಳಕೆದಾರ ಖಾತೆಗಳು ಬಂದು ಬೀಳುವುದು ಇಲ್ಲಿಗೆ. ಡೊಮೇನ್ ಅಡ್ಮಿನ್ಸ್, ಎಂಟರ್‌ಪ್ರೈಸ್ ಅಡ್ಮಿನ್ಸ್, ಸ್ಕೀಮಾ ಅಡ್ಮಿನ್ಸ್, ಡೊಮೇನ್ ಯೂಸರ್ಸ್ ಮುಂತಾದ ಗುಂಪುಗಳೂ ಇಲ್ಲಿಯೇ ಇರುತ್ತವೆ. ಅಂದರೆ ಅತ್ಯಂತ ಪ್ರಬಲ ಗುಂಪುಗಳೂ ನಿನ್ನೆ ಸೇರಿದ ನೌಕರರ ಖಾತೆಯೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ.

ಕಂಪ್ಯೂಟರ್ಸ್: ಡೊಮೇನ್‌ಗೆ ಸೇರಿಸಿದ ಹೊಸ ಗಣಕಯಂತ್ರಗಳ ಖಾತೆಗಳು ಇಲ್ಲಿ ಸೇರುತ್ತವೆ.

ಡೊಮೇನ್ ಕಂಟ್ರೋಲರ್ಸ್: ತಾನಾಗಿ ಸೃಷ್ಟಿಯಾಗುವವುಗಳಲ್ಲಿ ಘಟಕದ ಸ್ವರೂಪ ಹೊಂದಿರುವುದು ಇದೊಂದೇ. ಡೈರೆಕ್ಟರಿಯನ್ನು ಹೊತ್ತಿರುವ ಸರ್ವರ್‌ಗಳ ಖಾತೆಗಳು ಇಲ್ಲಿರುತ್ತವೆ ಮತ್ತು ಅವುಗಳಿಗೆಂದೇ ಪ್ರತ್ಯೇಕ ನಿಯಮಗಳು ಇದಕ್ಕೆ ಜೋಡಣೆಯಾಗಿರುತ್ತವೆ. ಈ ಸರ್ವರ್‌ಗಳ ಖಾತೆಗಳನ್ನು ಇಲ್ಲಿಂದ ಸರಿಸತಕ್ಕದ್ದಲ್ಲ.

ಇವಲ್ಲದೆ, ಹೊರಗಿನ ಡೊಮೇನ್‌ಗಳ ಗುರುತುಗಳನ್ನು ಇರಿಸುವ ಫಾರಿನ್ ಸೆಕ್ಯೂರಿಟಿ ಪ್ರಿನ್ಸಿಪಲ್ಸ್, ಸ್ಥಾನ ಕಳೆದುಕೊಂಡ ದಾಖಲೆಗಳು ಬಂದು ಸೇರುವ ಲಾಸ್ಟ್ ಅಂಡ್ ಫೌಂಡ್ ಮುಂತಾದವುಗಳೂ ಇರುತ್ತವೆ.

ಲೆಕ್ಕಪತ್ರದ ಪರಿಚಯವಿರುವವರು ಯೂಸರ್ಸ್ ಮತ್ತು ಕಂಪ್ಯೂಟರ್ಸ್ ಕಂಟೇನರ್‌ಗಳನ್ನು ಅನಾಮತ್ತು ಖಾತೆಗೆ ಹೋಲಿಸಬಹುದು. ಯಾವ ಲೆಕ್ಕ ಶೀರ್ಷಿಕೆಗೆ ಸೇರಬೇಕೆಂಬುದು ನಿರ್ಧಾರವಾಗದ ಮೊತ್ತವನ್ನು ಅನಾಮತ್ತಿನಲ್ಲಿ ಇರಿಸುವುದು ತಪ್ಪಲ್ಲ. ಆದರೆ ಅದನ್ನು ಸಕಾಲದಲ್ಲಿ ಸರಿಯಾದ ಶೀರ್ಷಿಕೆಗೆ ವರ್ಗಾಯಿಸದೆ ವರ್ಷಗಟ್ಟಲೆ ಅಲ್ಲಿಯೇ ಬಿಟ್ಟರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬರುತ್ತದೆ. ಈ ಎರಡು ಕಂಟೇನರ್‌ಗಳೂ ಖಾತೆಗಳನ್ನು ಬರಮಾಡಿಕೊಳ್ಳುವ ಸ್ಥಳಗಳು. ಅಲ್ಲಿ ಉಳಿದುಹೋದ ಪ್ರತಿಯೊಂದು ಖಾತೆಯೂ ಯಾವ ಕಚೇರಿಯ ನಿಯಮಕ್ಕೂ ಒಳಪಡದೆ, ಯಾವ ಅಧಿಕಾರಿಯ ಹೊಣೆಗೂ ಸೇರದೆ ಉಳಿದಿದೆ ಎಂದೇ ಅರ್ಥ.

ತಾನಾಗಿ ಸೃಷ್ಟಿಯಾಗುವ ಗುಂಪುಗಳು ಮತ್ತು ಅವುಗಳ ಬಲ

ಡೊಮೇನ್ ಅಡ್ಮಿನ್ಸ್: ಡೊಮೇನ್‌ಗೆ ಸೇರಿದ ಪ್ರತಿಯೊಂದು ಗಣಕಯಂತ್ರದ ಆಡಳಿತಗಾರರ ಗುಂಪಿನಲ್ಲಿಯೂ ಇದು ತಾನಾಗಿಯೇ ಸೇರ್ಪಡೆಯಾಗಿರುತ್ತದೆ. ಈ ಗುಂಪಿನ ಒಂದು ಪಾಸ್‌ವರ್ಡ್ ಸೋರಿಕೆಯಾದಲ್ಲಿ ಇಡೀ ಡೊಮೇನ್ ಸೋರಿಕೆಯಾದಂತೆಯೇ.

ಎಂಟರ್‌ಪ್ರೈಸ್ ಅಡ್ಮಿನ್ಸ್ ಮತ್ತು ಸ್ಕೀಮಾ ಅಡ್ಮಿನ್ಸ್: ಇವು ಮೊದಲು ಸ್ಥಾಪನೆಯಾದ ಮೂಲ ಡೊಮೇನ್‌ನಲ್ಲಿ ಮಾತ್ರ ಇರುತ್ತವೆ. ಸ್ಕೀಮಾ ಎಂದರೆ ಡೈರೆಕ್ಟರಿಯಲ್ಲಿ ಯಾವ ಬಗೆಯ ಮಾಹಿತಿಯನ್ನು ದಾಖಲಿಸಬಹುದು ಎಂಬುದರ ನಮೂನೆ. ಅದನ್ನು ಬದಲಿಸುವ ಪ್ರಸಂಗ ಅಪರೂಪ. ಆದ್ದರಿಂದ ಸ್ಕೀಮಾ ಅಡ್ಮಿನ್ಸ್ ಗುಂಪನ್ನು ಖಾಲಿ ಇರಿಸಿ, ಅಗತ್ಯ ಬಿದ್ದ ದಿನ ಸದಸ್ಯರನ್ನು ಸೇರಿಸಿ, ಕೆಲಸ ಮುಗಿದೊಡನೆ ತೆಗೆಯುವುದು ಸೂಕ್ತ.

ಅಕೌಂಟ್ ಆಪರೇಟರ್ಸ್: ಪಾಸ್‌ವರ್ಡ್ ಮರೆತವರಿಗೆ ನೆರವಾಗುವ ಸಿಬ್ಬಂದಿಯನ್ನು ಹೆಸರು ನೋಡಿ ಈ ಗುಂಪಿಗೆ ಸೇರಿಸುವುದುಂಟು. ಆದರೆ ಇದರ ಸದಸ್ಯರು ಡೊಮೇನ್‌ನ ಬಹುತೇಕ ಎಲ್ಲ ಸಾಮಾನ್ಯ ಖಾತೆಗಳನ್ನೂ ಗುಂಪುಗಳನ್ನೂ ರಚಿಸಬಲ್ಲರು, ತಿದ್ದಬಲ್ಲರು ಮತ್ತು ಅಳಿಸಬಲ್ಲರು. ಒಂದು ಕಚೇರಿಯ ಕೆಲಸಕ್ಕಾಗಿ ರಾಜ್ಯವ್ಯಾಪಿ ಅಧಿಕಾರವನ್ನು ಕೊಟ್ಟಂತಾಗುತ್ತದೆ. ಈ ಗುಂಪನ್ನೂ ಖಾಲಿ ಇರಿಸತಕ್ಕದ್ದು.

ಬ್ಯಾಕಪ್ ಆಪರೇಟರ್ಸ್: ಕಡತದ ಮೇಲೆ ಯಾವ ನಿರ್ಬಂಧವಿದ್ದರೂ ಪ್ರತಿ ತೆಗೆಯುವ ಉದ್ದೇಶಕ್ಕಾಗಿ ಅದನ್ನು ಓದುವ ಹಕ್ಕು ಇವರಿಗಿದೆ. ಡೈರೆಕ್ಟರಿಯ ಪ್ರತಿಯೇ ಕೈಗೆ ಸಿಕ್ಕಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಗೂಢರೂಪವೂ ಸಿಕ್ಕಂತಾಗುತ್ತದೆ.

ಪ್ರಿಂಟ್ ಆಪರೇಟರ್ಸ್: ಹೆಸರು ನಿರುಪದ್ರವಿ ಎನಿಸಿದರೂ, ಇದರ ಸದಸ್ಯರಿಗೆ ಡೊಮೇನ್ ಕಂಟ್ರೋಲರ್ ಸರ್ವರ್‌ನ ಮುಂದೆಯೇ ಕುಳಿತು ಲಾಗಿನ್ ಆಗುವ ಹಕ್ಕಿರುತ್ತದೆ.

ಡೊಮೇನ್ ಯೂಸರ್ಸ್: ಹೊಸದಾಗಿ ರಚಿಸಿದ ಪ್ರತಿಯೊಂದು ಬಳಕೆದಾರ ಖಾತೆಯೂ ತಾನಾಗಿಯೇ ಇದರ ಸದಸ್ಯನಾಗುತ್ತದೆ. ಕಡತಕೋಶವೊಂದಕ್ಕೆ ಈ ಗುಂಪಿನ ಹೆಸರಿನಲ್ಲಿ ಅನುಮತಿ ನೀಡುವುದೆಂದರೆ ಡೊಮೇನ್‌ನಲ್ಲಿರುವ ಎಲ್ಲರಿಗೂ ನೀಡಿದಂತೆ.

ಬಲಿಷ್ಠ ಗುಂಪುಗಳ ಸದಸ್ಯರನ್ನು ರಕ್ಷಿಸಲು ಡೈರೆಕ್ಟರಿಯಲ್ಲಿಯೇ ಒಂದು ಏರ್ಪಾಡಿದೆ. ಪ್ರತಿ 60 ನಿಮಿಷಗಳಿಗೊಮ್ಮೆ ಅಂತಹ ಖಾತೆಗಳ ಮೇಲಿನ ಅನುಮತಿಗಳನ್ನು ಪರಿಶೀಲಿಸಿ, ಒಂದು ನಿಗದಿತ ಮಾದರಿಗೆ ಮರಳಿಸಲಾಗುತ್ತದೆ. ಇದರ ಪರಿಣಾಮವಾಗಿ, ಒಂದು ಘಟಕದ ಅಧಿಕಾರವನ್ನು ಸ್ಥಳೀಯ ಅಧಿಕಾರಿಗೆ ಪ್ರತ್ಯಾಯೋಜಿಸಿದ್ದರೂ, ಆ ಘಟಕದಲ್ಲಿರುವ ಬಲಿಷ್ಠ ಗುಂಪಿನ ಸದಸ್ಯರ ಪಾಸ್‌ವರ್ಡನ್ನು ಅವರು ಬದಲಿಸಲಾರರು. ಸದಸ್ಯರನ್ನು ಆ ಗುಂಪಿನಿಂದ ತೆಗೆದ ಮೇಲೂ ಈ ನಿರ್ಬಂಧವು ತಾನಾಗಿ ಸಡಿಲವಾಗುವುದಿಲ್ಲ, ಪ್ರತ್ಯೇಕವಾಗಿ ಸರಿಪಡಿಸಬೇಕಾಗುತ್ತದೆ. ಒಬ್ಬ ನೌಕರರನ್ನು ಎರಡು ದಿನಗಳ ಮಟ್ಟಿಗೆ ಡೊಮೇನ್ ಅಡ್ಮಿನ್ಸ್‌ಗೆ ಸೇರಿಸುವುದೂ ಸಣ್ಣ ವಿಷಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕತಗಾಲದ ಉದಾಹರಣೆ: ಒಂದೇ ಊರು, ಎರಡು ಶ್ರೇಣಿ

ಕತಗಾಲವು ಕುಮಟಾ–ಶಿರಸಿ ರಸ್ತೆಯಲ್ಲಿರುವ ಊರು. ಕಂದಾಯ ಆಡಳಿತದ ಲೆಕ್ಕದಲ್ಲಿ ಇದು ಕುಮಟಾ ತಾಲ್ಲೂಕಿಗೆ ಸೇರಿದ್ದು, ಇದರ ಜಿಲ್ಲಾ ಕೇಂದ್ರ ಕಾರವಾರ. ಇಲ್ಲಿಯ ರೈತರ ಪಹಣಿಗೆ ಸಂಬಂಧಿಸಿದ ಕೆಲಸವು ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ಕುಮಟಾದ ತಹಸೀಲ್ದಾರರು ಹೀಗೆ ಮೇಲೇರುತ್ತದೆ.

ಅರಣ್ಯ ಆಡಳಿತದ ಲೆಕ್ಕ ಬೇರೆ. ಕತಗಾಲ ಅರಣ್ಯ ವಲಯವು ಹೊನ್ನಾವರ ವಿಭಾಗಕ್ಕೆ ಸೇರುತ್ತದೆ. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಅರಣ್ಯ ಈ ವಿಭಾಗದ ವ್ಯಾಪ್ತಿಯಲ್ಲಿದ್ದು, ವಿಭಾಗವು ಶಿರಸಿಯಲ್ಲಿ ಕೇಂದ್ರವಿರುವ ಕೆನರಾ ವೃತ್ತದ ಅಧೀನದಲ್ಲಿದೆ. ವೃತ್ತ, ವಿಭಾಗ, ವಲಯ, ಶಾಖೆ, ಗಸ್ತು ಎಂಬುದು ಈ ಶ್ರೇಣಿ. ಒಂದೇ ಊರಿನ ರೈತರು ಪಹಣಿಗಾಗಿ ನೋಡುವುದು ಕುಮಟಾದ ಕಡೆಗಾದರೆ, ಕಾಡುಹಂದಿಯಿಂದಾದ ಬೆಳೆ ಹಾನಿಯ ಪರಿಹಾರದ ಅರ್ಜಿಯು ಸಾಗುವುದು ಹೊನ್ನಾವರದ ಕಡೆಗೆ.

ಇಂತಹ ಊರಿನ ಕಚೇರಿಗಳನ್ನು ಡೈರೆಕ್ಟರಿಯಲ್ಲಿ ಹೇಗೆ ಜೋಡಿಸಬೇಕು? ಭೂಪಟದ ಪ್ರಕಾರ ‘ಉತ್ತರ ಕನ್ನಡ, ಕುಮಟಾ, ಕತಗಾಲ’ ಎಂದು ಘಟಕ ರಚಿಸಿ, ಊರಿನಲ್ಲಿರುವ ಎಲ್ಲ ಇಲಾಖೆಗಳ ಖಾತೆಗಳನ್ನು ಅದರೊಳಗೆ ಇರಿಸುವುದು ಮೊದಲ ನೋಟಕ್ಕೆ ಸರಳವೆನಿಸುತ್ತದೆ. ಆದರೆ ಆ ಘಟಕದ ನಿರ್ವಹಣೆಯನ್ನು ಯಾರಿಗೆ ಪ್ರತ್ಯಾಯೋಜಿಸಬೇಕು ಎಂಬ ಪ್ರಶ್ನೆ ಬಂದೊಡನೆ ಈ ವಿನ್ಯಾಸ ಕುಸಿಯುತ್ತದೆ. ಅರಣ್ಯ ಸಿಬ್ಬಂದಿಯ ಖಾತೆಯ ಮೇಲೆ ತಹಸೀಲ್ದಾರರಿಗೆ ಅಧಿಕಾರವಿಲ್ಲ, ಕಂದಾಯ ಸಿಬ್ಬಂದಿಯ ಖಾತೆಯ ಮೇಲೆ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಅಧಿಕಾರವಿಲ್ಲ.

ಆದ್ದರಿಂದ ಘಟಕಗಳ ಮೇಲಿನ ಹಂತವನ್ನು ಆಡಳಿತ ನಿಯಂತ್ರಣಕ್ಕೆ ಅನುಗುಣವಾಗಿ ರಚಿಸುವುದು ಸರಿಯಾದ ಕ್ರಮ. ಅರಣ್ಯ ಇಲಾಖೆಗೆ ‘ಕೆನರಾ ವೃತ್ತ, ಹೊನ್ನಾವರ ವಿಭಾಗ, ಕತಗಾಲ ವಲಯ’ ಎಂಬ ಸಾಲು ಸಾಕು. ಶಾಖೆ ಮತ್ತು ಗಸ್ತುಗಳಿಗೆ ಪ್ರತ್ಯೇಕ ಘಟಕ ಬೇಕಿಲ್ಲ. ಪ್ರತ್ಯೇಕ ನಿಯಮವಾಗಲೀ ಪ್ರತ್ಯೇಕ ನಿರ್ವಾಹಕರಾಗಲೀ ಇಲ್ಲದ ಕಡೆ ಘಟಕ ರಚಿಸಿದರೆ ಆಳ ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಕತಗಾಲ ವಲಯ ಘಟಕದೊಳಗೆ ‘ಸಿಬ್ಬಂದಿ’ ಮತ್ತು ‘ಗಣಕಯಂತ್ರಗಳು’ ಎಂಬ ಎರಡು ಉಪಘಟಕಗಳಿದ್ದರೆ ಸಾಕಾಗುತ್ತದೆ, ಏಕೆಂದರೆ ಈ ಎರಡಕ್ಕೂ ಅನ್ವಯಿಸುವ ನಿಯಮಗಳು ಬೇರೆ ಬೇರೆ.

ವ್ಯಕ್ತಿಗೆ ಖಾತೆ, ಹುದ್ದೆಗೆ ಗುಂಪು, ಕಚೇರಿಗೆ ಘಟಕ

ಸರ್ಕಾರಿ ಆಡಳಿತದಲ್ಲಿ ಅಧಿಕಾರವು ಹುದ್ದೆಗೆ ಸೇರಿದ್ದು, ವ್ಯಕ್ತಿಗೆ ಸೇರಿದ್ದಲ್ಲ. ಪ್ರಭಾರ ಹಸ್ತಾಂತರಿಸಿದ ಕ್ಷಣಕ್ಕೆ ಅಧಿಕಾರವೂ ಹಸ್ತಾಂತರವಾಗುತ್ತದೆ. ಡೈರೆಕ್ಟರಿಯಲ್ಲಿಯೂ ಇದೇ ತತ್ವವನ್ನು ಪಾಲಿಸಬೇಕಾದಲ್ಲಿ ಮೂರು ಸೂತ್ರಗಳು ಸಾಕು.

ಮೊದಲನೆಯದು, ಖಾತೆಯು ವ್ಯಕ್ತಿಯದ್ದಾಗಿರಬೇಕು. ‘ವಲಯ ಕಚೇರಿ’ ಎಂಬ ಒಂದೇ ಖಾತೆಯನ್ನು ನಾಲ್ವರು ಬಳಸಿದಲ್ಲಿ, ದಾಖಲೆಯನ್ನು ತಿದ್ದಿದವರು ಯಾರೆಂದು ಮುಂದೆ ತಿಳಿಯುವುದಿಲ್ಲ. ಭೂಮಿ ಯೋಜನೆಯಡಿ ಪಹಣಿಗಳ ಗಣಕೀಕರಣ ನಡೆದಾಗ ಸಿಬ್ಬಂದಿಯ ಬೆರಳಚ್ಚನ್ನು ಪಡೆದು ಲಾಗಿನ್ ನೀಡುವ ಕ್ರಮವನ್ನು ಅಳವಡಿಸಿದ್ದರ ಹಿಂದಿನ ಉದ್ದೇಶವೂ ಇದೇ ಆಗಿತ್ತು.

ಎರಡನೆಯದು, ಅನುಮತಿಯನ್ನು ಹುದ್ದೆಯ ಹೆಸರಿನ ಗುಂಪಿಗೆ ನೀಡಬೇಕು. ‘ಕತಗಾಲ ವಲಯ ಅರಣ್ಯಾಧಿಕಾರಿ’, ‘ಕತಗಾಲ ಉಪ ವಲಯ ಅರಣ್ಯಾಧಿಕಾರಿಗಳು’, ‘ಕತಗಾಲ ಲಿಪಿಕ ಸಿಬ್ಬಂದಿ’ ಎಂಬ ಗುಂಪುಗಳನ್ನು ರಚಿಸಿ ವ್ಯಕ್ತಿಗಳನ್ನು ಅವುಗಳಿಗೆ ಸೇರಿಸಬೇಕು. ‘ಪರಿಹಾರ ಕಡತ: ಓದಲು’, ‘ಪರಿಹಾರ ಕಡತ: ತಿದ್ದಲು’ ಎಂಬಂತೆ ಕಡತಕೋಶದ ಅನುಮತಿಗೆ ಬೇರೆ ಗುಂಪುಗಳನ್ನು ರಚಿಸಿ, ಹುದ್ದೆಯ ಗುಂಪುಗಳನ್ನು ಅವುಗಳೊಳಗೆ ಸೇರಿಸಬೇಕು. ಜಾಲ ಆಡಳಿತದ ಪರಿಭಾಷೆಯಲ್ಲಿ ಮೊದಲ ಬಗೆಯವು ಗ್ಲೋಬಲ್ ಗುಂಪುಗಳು, ಎರಡನೆಯ ಬಗೆಯವು ಡೊಮೇನ್ ಲೋಕಲ್ ಗುಂಪುಗಳು.

ಮೂರನೆಯದು, ನಿಯಮವನ್ನು ಕಚೇರಿಯ ಘಟಕಕ್ಕೆ ಜೋಡಿಸಬೇಕು.

ಈ ಕ್ರಮದಲ್ಲಿ ಜೋಡಿಸಿದಾಗ, ನೌಕರರೊಬ್ಬರು ಕತಗಾಲದಿಂದ ಭಟ್ಕಳಕ್ಕೆ ವರ್ಗಾವಣೆಯಾದ ದಿನ ಮಾಡಬೇಕಾದುದು ಇಷ್ಟೇ: ಕತಗಾಲದ ಹುದ್ದೆ ಗುಂಪಿನಿಂದ ಹೆಸರು ತೆಗೆಯುವುದು, ಭಟ್ಕಳದ ಹುದ್ದೆ ಗುಂಪಿಗೆ ಸೇರಿಸುವುದು, ಖಾತೆಯನ್ನು ಭಟ್ಕಳ ವಲಯದ ಘಟಕಕ್ಕೆ ಸರಿಸುವುದು. ಯಾವ ಕಡತಕೋಶವನ್ನೂ ಮುಟ್ಟಬೇಕಾಗಿಲ್ಲ. ಪ್ರಭಾರ ವರದಿಯ ಒಂದು ಪ್ರತಿಯನ್ನು ಜಾಲ ನಿರ್ವಾಹಕರಿಗೂ ಅದೇ ದಿನ ಕಳುಹಿಸುವ ಪದ್ಧತಿಯಿದ್ದರೆ ಈ ಕೆಲಸ ಹಿಂದೆ ಬೀಳುವುದಿಲ್ಲ.

ಇದಕ್ಕೆ ಬದಲಾಗಿ ಎಲ್ಲ ಖಾತೆಗಳೂ ಯೂಸರ್ಸ್ ಕಂಟೇನರ್‌ನಲ್ಲಿಯೇ ಇದ್ದು, ಅನುಮತಿಗಳನ್ನು ನೇರವಾಗಿ ವ್ಯಕ್ತಿಗಳ ಹೆಸರಿನಲ್ಲಿ ನೀಡಿದ್ದರೆ, ವರ್ಗಾವಣೆಯಾದವರ ಅಧಿಕಾರ ಎಲ್ಲೆಲ್ಲಿ ಉಳಿದಿದೆ ಎಂದು ತಿಳಿಯಲು ಪ್ರತಿಯೊಂದು ಕಡತಕೋಶವನ್ನೂ ತೆರೆದು ನೋಡಬೇಕಾಗುತ್ತದೆ. ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಬೆಳೆ ಹಾನಿಯ ಅರ್ಜಿಯಲ್ಲಿ ನಮೂದಾದ ಅಡಿಕೆ ಮರಗಳ ಸಂಖ್ಯೆಯು ಅನಂತರ ಬದಲಾದದ್ದು ಕಂಡುಬಂದಲ್ಲಿ, ತಿದ್ದುವ ಅಧಿಕಾರ ಯಾರು ಯಾರಿಗಿತ್ತು ಎಂಬ ಪ್ರಶ್ನೆಗೆ ಕಚೇರಿಯ ಬಳಿ ಉತ್ತರವಿರುವುದಿಲ್ಲ. ಅನುಮತಿಯಿಲ್ಲದೆ ಗಣಕ ದಾಖಲೆಯನ್ನು ತಿದ್ದುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ ಕಲಂ 43 ಮತ್ತು 66ರ ವ್ಯಾಪ್ತಿಗೆ ಬರುತ್ತದೆ. ಆದರೆ ಅನುಮತಿ ಇತ್ತೋ ಇಲ್ಲವೋ ಎಂಬುದೇ ಅಸ್ಪಷ್ಟವಾಗಿದ್ದಲ್ಲಿ ಕಾಯ್ದೆಯ ನೆರವು ಪಡೆಯುವುದೂ ಕಷ್ಟವಾಗುತ್ತದೆ.

ಮಳೆಗಾಲ ಮತ್ತು ಸಂಪರ್ಕ ಕಡಿತ

ಕತಗಾಲದಂತಹ ಮಲೆನಾಡಿನ ಅಂಚಿನ ಊರುಗಳಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕಾಗುತ್ತದೆ. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ರಸ್ತೆಗೆ ನೀರು ಬರುವುದುಂಟು. ಮರ ಬಿದ್ದು ವಿದ್ಯುತ್ ಮತ್ತು ದೂರಸಂಪರ್ಕ ಕಡಿತವಾಗುವುದೂ ಅಪರೂಪವಲ್ಲ. ಡೊಮೇನ್ ಕಂಟ್ರೋಲರ್‌ನ ಸಂಪರ್ಕ ಸಿಗದಿದ್ದಾಗ ವಿಂಡೋಸ್ ಗಣಕಯಂತ್ರವು ತನ್ನಲ್ಲಿ ಉಳಿಸಿಕೊಂಡಿರುವ ಹಿಂದಿನ ಲಾಗಿನ್ ಗುರುತಿನ ಆಧಾರದ ಮೇಲೆ ಒಳಬಿಡುತ್ತದೆ. ಪ್ರತ್ಯೇಕ ನಿಯಮ ವಿಧಿಸದಿದ್ದಲ್ಲಿ ಇಂತಹ 10 ಬಳಕೆದಾರರ ಗುರುತು ಆ ಯಂತ್ರದಲ್ಲಿ ಉಳಿದಿರುತ್ತದೆ.

ಸಾರ್ವತ್ರಿಕ ವರ್ಗಾವಣೆಗಳು ಸಾಮಾನ್ಯವಾಗಿ ಮೇ–ಜೂನ್ ಅವಧಿಯಲ್ಲಿ ನಡೆಯುತ್ತವೆ. ಮಳೆ ಆರಂಭವಾಗುವುದೂ ಆಗಲೇ. ಡೈರೆಕ್ಟರಿಯಲ್ಲಿ ಖಾತೆಯನ್ನು ನಿಷ್ಕ್ರಿಯಗೊಳಿಸಿದ್ದರೂ, ಸಂಪರ್ಕ ಕಡಿತಗೊಂಡ ಯಂತ್ರಕ್ಕೆ ಆ ವಿಷಯ ತಿಳಿಯುವುದಿಲ್ಲವಾದ್ದರಿಂದ ಹಳಬರ ಲಾಗಿನ್ ಅಲ್ಲಿ ನಡೆಯುತ್ತದೆ. ಕಡತಗಳನ್ನು ಗಣಕಯಂತ್ರದಲ್ಲಿ ಇರಿಸದೆ ಸರ್ವರ್‌ನಲ್ಲಿಯೇ ಇರಿಸುವುದು ಮತ್ತು ಉಳಿಸಿಕೊಳ್ಳುವ ಗುರುತುಗಳ ಸಂಖ್ಯೆಯನ್ನು ನಿಯಮದ ಮೂಲಕ ಕಡಿಮೆ ಮಾಡುವುದು ಇದಕ್ಕೆ ಪರಿಹಾರ. ಆ ನಿಯಮವನ್ನು ಕತಗಾಲದ ಯಂತ್ರಗಳಿಗೆ ಮಾತ್ರ ವಿಧಿಸಬೇಕಾದರೆ ಅವು ಪ್ರತ್ಯೇಕ ಘಟಕದಲ್ಲಿರಬೇಕು. ಕಂಪ್ಯೂಟರ್ಸ್ ಕಂಟೇನರ್‌ನಲ್ಲಿದ್ದರೆ ಇದು ಸಾಧ್ಯವಾಗದು.

ತಾಲ್ಲೂಕು ಅಥವಾ ವಿಭಾಗ ಮಟ್ಟದ ಕಚೇರಿಗಳಿಗೆ ವಿಂಡೋಸ್ ಸರ್ವರ್ 2008ರಿಂದ ‘ಓದಲು ಮಾತ್ರ’ ಬಗೆಯ ಡೊಮೇನ್ ಕಂಟ್ರೋಲರ್ ಲಭ್ಯವಿದೆ. ಇದರಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಇರುವುದಿಲ್ಲ. ಯಾರ ಪಾಸ್‌ವರ್ಡ್ ಇರಬಹುದು, ಯಾರದ್ದು ಇರಬಾರದು ಎಂಬುದನ್ನು ಯೂಸರ್ಸ್ ಕಂಟೇನರ್‌ನಲ್ಲಿ ತಾನಾಗಿ ಸೃಷ್ಟಿಯಾಗುವ ಎರಡು ಗುಂಪುಗಳು ನಿರ್ಧರಿಸುತ್ತವೆ. ನಿರಾಕರಣೆಯ ಗುಂಪಿನಲ್ಲಿ ಡೊಮೇನ್ ಅಡ್ಮಿನ್ಸ್ ಮುಂತಾದ ಬಲಿಷ್ಠ ಗುಂಪುಗಳು ಮೊದಲೇ ಸೇರಿರುತ್ತವೆ. ಅನುಮತಿಯ ಗುಂಪು ಖಾಲಿ ಇರುತ್ತದೆ. ಇದನ್ನು ಖಾಲಿಯಾಗಿಯೇ ಬಿಟ್ಟರೆ, ಸಂಪರ್ಕ ಕಡಿತಗೊಂಡ ದಿನ ಆ ಸರ್ವರ್ ಯಾರ ಗುರುತನ್ನೂ ದೃಢೀಕರಿಸಲಾರದು. ಎಲ್ಲ ಕಚೇರಿಗಳಿಗೂ ಸಾಮಾನ್ಯವಾದ ಆ ಗುಂಪಿಗೆ ಎಲ್ಲರನ್ನೂ ತುಂಬುವ ಬದಲು, ಆಯಾ ಸರ್ವರ್‌ಗೆ ಆಯಾ ಕಚೇರಿಯ ಸಿಬ್ಬಂದಿಯ ಗುಂಪನ್ನು ಮತ್ತು ಅವರು ಬಳಸುವ ಗಣಕಯಂತ್ರಗಳ ಗುಂಪನ್ನು ಪ್ರತ್ಯೇಕವಾಗಿ ನಿಗದಿಪಡಿಸುವುದು ಉತ್ತಮ. ಸರ್ವರ್ ಕಳವಾದರೆ ಅಥವಾ ನೆರೆಯಲ್ಲಿ ಕೈತಪ್ಪಿದರೆ ಆ ಕೆಲವರ ಪಾಸ್‌ವರ್ಡ್ ಬದಲಿಸಿದರೆ ಸಾಕಾಗುತ್ತದೆ.

ಅನುಸರಿಸಬಹುದಾದ ಕ್ರಮಗಳು

1. ಯೂಸರ್ಸ್ ಮತ್ತು ಕಂಪ್ಯೂಟರ್ಸ್ ಕಂಟೇನರ್‌ಗಳಲ್ಲಿರುವ ಎಲ್ಲ ಖಾತೆಗಳ ಪಟ್ಟಿಯನ್ನು ತೆಗೆದು, ಸಿಬ್ಬಂದಿ ವಹಿ ಮತ್ತು ಜಡವಸ್ತು ವಹಿಯೊಂದಿಗೆ ತಾಳೆ ನೋಡುವುದು.

2. ಆಡಳಿತ ನಿಯಂತ್ರಣಕ್ಕೆ ಅನುಗುಣವಾಗಿ ಘಟಕಗಳನ್ನು ಕಾಗದದ ಮೇಲೆ ಮೊದಲು ಬರೆದು, ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆದು, ಅನಂತರ ರಚಿಸುವುದು. ಆಕಸ್ಮಿಕ ಅಳಿಸುವಿಕೆಯಿಂದ ರಕ್ಷಣೆ ನೀಡುವ ಆಯ್ಕೆಯನ್ನು ಪ್ರತಿ ಘಟಕಕ್ಕೂ ಸಕ್ರಿಯಗೊಳಿಸುವುದು.

3. ಹೊಸ ಖಾತೆಗಳು ಮತ್ತು ಹೊಸ ಯಂತ್ರಗಳು ಹಳೆಯ ಕಂಟೇನರ್‌ಗಳಿಗೆ ಬೀಳದಂತೆ, ‘ರಿಡಿರ್‌ಯೂಸರ್’ ಮತ್ತು ‘ರಿಡಿರ್‌ಕಂಪ್’ ಎಂಬ ಆದೇಶಗಳ ಮೂಲಕ ಅವುಗಳನ್ನು ‘ಹೊಸ ಸಿಬ್ಬಂದಿ’, ‘ಹೊಸ ಯಂತ್ರಗಳು’ ಎಂಬ ಘಟಕಗಳಿಗೆ ತಿರುಗಿಸುವುದು. ಡೊಮೇನ್‌ನ ಕಾರ್ಯಮಟ್ಟವು ವಿಂಡೋಸ್ ಸರ್ವರ್ 2003 ಅಥವಾ ಅದಕ್ಕಿಂತ ಮೇಲಿನದಾಗಿದ್ದರೆ ಈ ಸೌಲಭ್ಯ ದೊರೆಯುತ್ತದೆ. ಈ ಘಟಕಗಳಿಗೆ ಅತ್ಯಂತ ಬಿಗಿಯಾದ ನಿಯಮಗಳನ್ನು ಜೋಡಿಸುವುದು.

4. ಸಾಮಾನ್ಯ ಬಳಕೆದಾರರೂ ತಲಾ 10 ಗಣಕಯಂತ್ರಗಳವರೆಗೆ ಡೊಮೇನ್‌ಗೆ ಸೇರಿಸಬಹುದೆಂಬ ಮೂಲ ಮಿತಿಯನ್ನು ಸೊನ್ನೆಗೆ ಇಳಿಸಿ, ಆ ಕೆಲಸವನ್ನು ಗೊತ್ತುಪಡಿಸಿದ ಸಿಬ್ಬಂದಿಗೆ ಮಾತ್ರ ವಹಿಸುವುದು.

5. ತಾನಾಗಿ ಸೃಷ್ಟಿಯಾದ ಗುಂಪುಗಳನ್ನು ಅವು ಇರುವಲ್ಲಿಯೇ ಬಿಡುವುದು. ಯೂಸರ್ಸ್ ಕಂಟೇನರ್‌ನಲ್ಲಿರುವ ಗುಂಪುಗಳನ್ನು ಸರಿಸಲು ಬರುತ್ತದೆಯಾದರೂ ಅದರಿಂದ ಲಾಭವಿಲ್ಲ.

6. ಪಾಸ್‌ವರ್ಡ್ ಬದಲಿಸುವಂತಹ ದಿನನಿತ್ಯದ ಕೆಲಸಕ್ಕೆ ಅಕೌಂಟ್ ಆಪರೇಟರ್ಸ್ ಗುಂಪನ್ನು ಬಳಸದೆ, ‘ಹೊನ್ನಾವರ ವಿಭಾಗ: ಪಾಸ್‌ವರ್ಡ್ ಸಹಾಯ’ ಎಂಬಂತಹ ಗುಂಪನ್ನು ರಚಿಸಿ, ಆ ವಿಭಾಗದ ಘಟಕದ ಮೇಲೆ ಅಷ್ಟೇ ಅಧಿಕಾರವನ್ನು ಪ್ರತ್ಯಾಯೋಜಿಸುವುದು.

7. ಬಲಿಷ್ಠ ಗುಂಪುಗಳ ಸದಸ್ಯರ ಪಟ್ಟಿಯನ್ನು ಮುದ್ರಿಸಿ, ಕಚೇರಿ ಮುಖ್ಯಸ್ಥರ ಸಹಿಯೊಂದಿಗೆ ಪ್ರತಿ ತ್ರೈಮಾಸಿಕದಲ್ಲಿ ಕಡತದಲ್ಲಿರಿಸುವುದು. ಜಾಲ ನಿರ್ವಾಹಕರು ತಮ್ಮ ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೂ ಆಡಳಿತ ಕೆಲಸಕ್ಕೆ ಪ್ರತ್ಯೇಕ ಖಾತೆಯನ್ನೂ ಬಳಸುವುದು.

8. ಲಾಗಿನ್ ಮತ್ತು ಗುಂಪು ಬದಲಾವಣೆಯ ದಾಖಲೆಗಳನ್ನು ಕಾಪಾಡುವುದು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಇಂತಹ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಭದ್ರತಾ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಇವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ.

ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು

ಪ್ರಶ್ನೆ: ಪರದೆಯ ಮೇಲೆ ಕಾಣುವುದು ಕಂಟೇನರ್ ಅಥವಾ ಘಟಕ ಎಂದು ಗುರುತಿಸುವುದು ಹೇಗೆ?
ಉತ್ತರ: ಅದರ ಪೂರ್ಣ ಹೆಸರು ‘ಸಿ.ಎನ್.’ ಎಂಬ ಅಕ್ಷರಗಳಿಂದ ಆರಂಭವಾದರೆ ಕಂಟೇನರ್, ‘ಓ.ಯು.’ ಎಂದು ಆರಂಭವಾದರೆ ಘಟಕ. ಘಟಕದ ಚಿಹ್ನೆಯಲ್ಲಿ ಪೆಟ್ಟಿಗೆಯ ಮೇಲೆ ಚಿಕ್ಕ ಪುಸ್ತಕದ ಗುರುತು ಇರುತ್ತದೆ.

ಪ್ರಶ್ನೆ: ಗುಂಪಿನಿಂದ ಹೆಸರು ತೆಗೆದ ತಕ್ಷಣ ಅಧಿಕಾರ ಹೋಗುತ್ತದೆಯೇ?
ಉತ್ತರ: ಇಲ್ಲ. ಗುಂಪಿನ ಸದಸ್ಯತ್ವವನ್ನು ಲಾಗಿನ್ ಸಮಯದಲ್ಲಿ ಲೆಕ್ಕಹಾಕಲಾಗುತ್ತದೆ. ಆಗಲೇ ಲಾಗಿನ್ ಆಗಿರುವವರು ಹೊರಬಂದು ಪುನಃ ಲಾಗಿನ್ ಆಗುವವರೆಗೆ ಹಳೆಯ ಅಧಿಕಾರ ಮುಂದುವರಿಯಬಹುದು. ಆದ್ದರಿಂದ ಪ್ರಭಾರ ಹಸ್ತಾಂತರದ ಸಮಯದಲ್ಲಿ ಯಂತ್ರದಿಂದ ಲಾಗ್‌ಔಟ್ ಆಗಿರುವುದನ್ನು ಖಚಿತಪಡಿಸಿಕೊಳ್ಳುವುದು.

ಪ್ರಶ್ನೆ: ಎರಡು–ಮೂರು ಗಣಕಯಂತ್ರಗಳಿರುವ ಸಣ್ಣ ಕಚೇರಿಗೂ ಇಷ್ಟೆಲ್ಲ ಬೇಕೇ?
ಉತ್ತರ: ಸಣ್ಣ ಕಚೇರಿಯು ತಾನಾಗಿ ಡೈರೆಕ್ಟರಿಯನ್ನು ಸ್ಥಾಪಿಸಬೇಕಿಲ್ಲ. ಆದರೆ ಮೇಲಿನ ಕಚೇರಿಯ ಡೊಮೇನ್‌ಗೆ ಸೇರಿದ್ದಲ್ಲಿ, ತನ್ನ ಸಿಬ್ಬಂದಿ ಮತ್ತು ಯಂತ್ರಗಳು ಯಾವ ಘಟಕದಲ್ಲಿವೆ, ಯಾವ ಗುಂಪುಗಳಲ್ಲಿವೆ ಎಂಬ ಪಟ್ಟಿಯನ್ನು ಕೇಳಿ ಪಡೆದು ವಹಿಯಲ್ಲಿ ಇರಿಸಿಕೊಳ್ಳುವುದು ಅಗತ್ಯ.

ಉಪಸಂಹಾರ

ತಾನಾಗಿ ಸೃಷ್ಟಿಯಾಗುವ ಕಂಟೇನರ್‌ಗಳು ಮತ್ತು ಗುಂಪುಗಳು ಡೈರೆಕ್ಟರಿಯ ಆರಂಭಕ್ಕೆ ಅಗತ್ಯವಾದವು. ಅವುಗಳನ್ನು ರೂಪಿಸಿದವರಿಗೆ ಕತಗಾಲ ವಲಯವು ಹೊನ್ನಾವರ ವಿಭಾಗಕ್ಕೆ ಸೇರುತ್ತದೆ ಎಂಬುದಾಗಲೀ, ಅಲ್ಲಿ ಯಾವ ಹುದ್ದೆಗೆ ಯಾವ ಅಧಿಕಾರವಿದೆ ಎಂಬುದಾಗಲೀ ತಿಳಿದಿರುವುದಿಲ್ಲ. ಅದನ್ನು ತಿಳಿದವರು ಕಚೇರಿಯಲ್ಲಿರುವವರೇ. ಆದುದರಿಂದ ಘಟಕ ಮತ್ತು ಗುಂಪುಗಳ ವಿನ್ಯಾಸವನ್ನು ತಾಂತ್ರಿಕ ಸಿಬ್ಬಂದಿಗೆ ಮಾತ್ರ ಬಿಟ್ಟುಬಿಡದೆ, ಆಡಳಿತ ಶಾಖೆಯು ಅದರಲ್ಲಿ ಭಾಗವಹಿಸುವುದು ಅಪೇಕ್ಷಣೀಯ. ಹಾಗೆ ಮಾಡಿದಲ್ಲಿ, ತಮ್ಮ ಅರ್ಜಿಯನ್ನು ಯಾರು ನೋಡಿದರು, ಯಾರು ತಿದ್ದಿದರು ಎಂದು ಕೇಳುವ ಸಾರ್ವಜನಿಕರಿಗೆ ಕಚೇರಿಯು ದಾಖಲೆ ಸಹಿತವಾದ ಉತ್ತರವನ್ನು ನೀಡಲು ಸಾಧ್ಯವಾಗುತ್ತದೆ.